ಡಿಫ್ಯೂಷನ್ ಎಂಆರ್‌ಐ: ನೀರಿನ ಅಲುಗಾಟ ಅಳೆದು ವೈಟ್ ಮ್ಯಾಟರ್ ಹೇಗಿದೆ ಅಂತ ತಿಳ್ಕೊಳೋದು

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದ್ರೆ ಎಲ್ಲರೂ ಎಂಎಸ್ ಅಂತ ಕರೆಯೋ ಕಾಯಿಲೆ, ಇದರಲ್ಲಿ ನ್ಯೂರಾಲಜಿಸ್ಟ್‌ಗಳಿಗೆ ಪದೇ ಪದೇ ಎದುರಾಗೋ ಒಂದು ಗೊಂದಲ ಇದೆ. ಒಬ್ಬರ ಎಂಆರ್‌ಐ ತೆಗೆದು ನೋಡಿದ್ರೆ ಮೆದುಳಿನ ತುಂಬಾ ಬಿಳಿ ಮಚ್ಚೆಗಳು, ಆದ್ರೆ ಅವರು ಆರಾಮಾಗಿ ಓಡಾಡ್ಕೊಂಡು ಕೆಲಸಕ್ಕೆ ಹೋಗ್ತಿರ್ತಾರೆ. ಇನ್ನೊಬ್ಬರದ್ರಲ್ಲಿ ಮೂರೋ ನಾಲ್ಕೋ ಮಚ್ಚೆ ಅಷ್ಟೇ, ಆದ್ರೆ ಅವರಿಗೆ ಮೆಟ್ಟಿಲು ಹತ್ತಕ್ಕೆ ಆಗಲ್ಲ, ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸುಸ್ತು, ಓದಿದ್ದು ತಲೇಲಿ ನಿಲ್ಲಲ್ಲ. ಮಚ್ಚೆ ಎಣಿಸಿ ಕಾಯಿಲೆ ಎಷ್ಟು ಜೋರಾಗಿದೆ ಅಂತ ಹೇಳಕ್ಕೆ ಹೋದ್ರೆ ಲೆಕ್ಕ ಸರಿ ಕೂರಲ್ಲ. ಇದಕ್ಕೆ ಕಾರಣ ಒಂದೇ ಅಲ್ಲ, ಮಚ್ಚೆ ಎಲ್ಲಿದೆ ಅನ್ನೋದು ಮುಖ್ಯ, ಬೆನ್ನುಹುರಿಯಲ್ಲಿ ಸಣ್ಣದೊಂದು ಇದ್ರೂ ಕಾಲು ಸೋಲಬಹುದು, ಮೆದುಳು ಎಷ್ಟು ಹೊಂದಿಸ್ಕೊಳತ್ತೆ ಅನ್ನೋದೂ ಒಬ್ಬೊಬ್ಬರಲ್ಲಿ ಒಂದೊಂದು ಥರ. ಆದ್ರೆ ಒಂದು ದೊಡ್ಡ ಕಾರಣ ಏನಂದ್ರೆ ಮಾಮೂಲಿ ಎಂಆರ್‌ಐ "ಇಲ್ಲಿ ಏನೂ ಇಲ್ಲ, ನಾರ್ಮಲ್" ಅಂತ ತೋರಿಸೋ ಜಾಗಾನೂ ನಿಜವಾಗಿ ನಾರ್ಮಲ್ ಇರಲ್ಲ. ಅದನ್ನ ಜೀವಂತ ಮನುಷ್ಯರ ಮೆದುಳಲ್ಲಿ, ಸೂಜಿ ಚುಚ್ಚದೆ, ತಲೆ ತೆರೆಯದೆ ಅಳೆದು ತೋರಿಸಿದ ಕೆಲವೇ ವಿಧಾನಗಳಲ್ಲಿ ಡಿಫ್ಯೂಷನ್ ಎಂಆರ್‌ಐ ಒಂದು.

ಮೊದಲು ವೈಟ್ ಮ್ಯಾಟರ್ ಏನು ಅಂತ ನೋಡೋಣ. ಮೆದುಳಿನ ಹೊರಪದರದಲ್ಲಿ ನರಕೋಶಗಳು ಇರೋ ಭಾಗ ಗ್ರೇ ಮ್ಯಾಟರ್. ಆ ಕೋಶಗಳಿಂದ ಹೊರಡೋ ಉದ್ದನೆ ಎಳೆಗಳೇ ಆಕ್ಸಾನ್, ಒಂದೊಂದು ಹೆಚ್ಚುಕಮ್ಮಿ ಒಂದು ಮೈಕ್ರಾನ್ ದಪ್ಪ, ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇಂಥ ಲಕ್ಷಾಂತರ ಎಳೆಗಳು ಕಟ್ಟುಕಟ್ಟಾಗಿ ಸೇರಿ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ, ಎಡದಿಂದ ಬಲಕ್ಕೆ, ಮೇಲಿಂದ ಬೆನ್ನುಹುರಿಗೆ ಹೋಗ್ತವೆ, ಈ ಕಟ್ಟುಗಳಿರೋ ಭಾಗವೇ ವೈಟ್ ಮ್ಯಾಟರ್. ಬಹಳಷ್ಟು ಆಕ್ಸಾನ್‌ಗಳ ಸುತ್ತ ಮಯಲಿನ್ ಅನ್ನೋ ಕೊಬ್ಬಿನ ಪದರ ಸುತ್ಕೊಂಡಿರತ್ತೆ, ಆ ಕೊಬ್ಬಿಂದಾನೇ ಅದು ಬೆಳ್ಳಗೆ ಕಾಣೋದು, ಸಂದೇಶ ವೇಗವಾಗಿ ಹೋಗೋದೂ ಅದರಿಂದಾನೇ. ಎಂಎಸ್‌ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆನೇ ಈ ಮಯಲಿನ್ ಮೇಲೆ ತಿರುಗಿ ಬೀಳತ್ತೆ. ಮಯಲಿನ್ ಹೋದ್ಮೇಲೆ ಕ್ರಮೇಣ ಆಕ್ಸಾನ್‌ಗಳೂ ಸಾಯ್ತವೆ.

ಒಂದು ಮೈಕ್ರಾನ್ ದಪ್ಪದ ಎಳೆ ನೋಡಕ್ಕೆ ಆಸ್ಪತ್ರೆಯ ಯಾವ ಎಂಆರ್‌ಐ ಮೆಷಿನ್ನಿಗೂ ಆಗಲ್ಲ. ಡಿಫ್ಯೂಷನ್ ಸ್ಕ್ಯಾನ್‌ನಲ್ಲಿ ಚಿತ್ರದ ಒಂದು ಸಣ್ಣ ಘನ ಚೂರು, ಅದಕ್ಕೆ ವಾಕ್ಸೆಲ್ ಅಂತಾರೆ, ಸಾಮಾನ್ಯವಾಗಿ 2 ಮಿಲಿಮೀಟರ್ ಉದ್ದ ಅಗಲ ಎತ್ತರ ಇರತ್ತೆ, ಅದರೊಳಗೇ ಲಕ್ಷಗಟ್ಟಲೆ ಆಕ್ಸಾನ್ ಹಿಡಿಸತ್ತೆ. ಹಾಗಿದ್ರೆ ಒಳಗಿನ ಸ್ಥಿತಿ ಗೊತ್ತಾಗೋದು ಹೇಗೆ? ಎಳೆ ಕಾಣದಿದ್ರೂ ಎಳೆಗಳ ಒಳಗೂ ಹೊರಗೂ ಇರೋ ನೀರು ಸಿಗ್ನಲ್ ಕೊಡತ್ತೆ, ಆ ನೀರು ಸುಮ್ನೆ ನಿಂತಿರಲ್ಲ. ಕಣ್ಣಿಗೆ ಕಾಣದ ಮಟ್ಟದಲ್ಲಿ ಪ್ರತಿ ಅಣುವೂ ಬಿಸಿಯಿಂದಾಗಿ ಗೊತ್ತುಗುರಿ ಇಲ್ಲದೆ ಅತ್ತಿತ್ತ ಅಲೆದಾಡ್ತಾನೇ ಇರತ್ತೆ, ಇದೇ ಡಿಫ್ಯೂಷನ್. ಇದರ ಗಣಿತ ಬರೆದಿದ್ದು 1905ರಲ್ಲಿ ಐನ್‌ಸ್ಟೈನ್. ಆ ಲೆಕ್ಕದ ಪ್ರಕಾರ ನಮ್ಮ ಮೈಬಿಸಿಯಲ್ಲಿ, ಯಾವ ತಡೆಯೂ ಇಲ್ಲದ ನೀರಿನ ಅಣು 50 ಮಿಲಿಸೆಕೆಂಡಲ್ಲಿ ಒಂದು ದಿಕ್ಕಲ್ಲಿ ಸುಮಾರು 17 ಮೈಕ್ರಾನ್ ದೂರ ಸರಿದಿರತ್ತೆ. ಈ 17 ಮೈಕ್ರಾನ್ ಅನ್ನೋದು ಆಕ್ಸಾನ್‌ನ ದಪ್ಪಕ್ಕಿಂತ ಎಷ್ಟೋ ಜಾಸ್ತಿ, ಹಾಗಾಗಿ ಅಷ್ಟು ಹೊತ್ತಲ್ಲಿ ನೀರಿನ ಅಣು ಆಕ್ಸಾನ್ ಗೋಡೆಗೂ ಮಯಲಿನ್‌ಗೂ ಹಲವು ಸಲ ಢಿಕ್ಕಿ ಹೊಡೆದೇ ಹೊಡೆಯತ್ತೆ. ಅಂದ್ರೆ ಮೆಷಿನ್ ನೋಡಕ್ಕಾಗದ ಗೋಡೆಯನ್ನ ನೀರು ತಾಕಿ ಬಂದಿರತ್ತೆ.

ಮಂಡ್ಯದ ಕಡೆ ಕಬ್ಬಿನ ಗದ್ದೆ ಒಳಗೆ ಹೊಕ್ಕವರಿಗೆ ಇದು ತಕ್ಷಣ ಅರ್ಥ ಆಗತ್ತೆ. ಸಾಲು ಹಿಡಿದು ನಡೆದ್ರೆ ಸಲೀಸಾಗಿ ಹೋಗಬಹುದು, ಸಾಲಿಗೆ ಅಡ್ಡ ಹೋಗಕ್ಕೆ ನೋಡಿದ್ರೆ ನಾಲ್ಕು ಹೆಜ್ಜೆ ಇಡೋದೂ ಕಷ್ಟ, ಗರಿ ಮೈ ಕೊಯ್ಯತ್ತೆ. ಆಕ್ಸಾನ್ ಕಟ್ಟಿನ ಉದ್ದಕ್ಕೆ ನೀರು ಸುಲಭವಾಗಿ ಅಲೆಯತ್ತೆ, ಅಡ್ಡಕ್ಕೆ ಕಮ್ಮಿ. ಈ ದಿಕ್ಕಿನ ಭೇದಕ್ಕೆ ಅನೈಸೊಟ್ರೊಪಿ ಅಂತಾರೆ. ಮೆದುಳಿನ ನಡುವೆ ಇರೋ ಕುಹರಗಳ ದ್ರವದಲ್ಲಿ ಗೋಡೆನೇ ಇಲ್ಲ, ಅಲ್ಲಿ ಎಲ್ಲಾ ದಿಕ್ಕೂ ಒಂದೇ.

ಈಗ ಇದನ್ನ ಅಳೆಯೋದು ಹೇಗೆ ಅನ್ನೋದು, ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟ ಆಗೋ ಭಾಗ. ಎಂಆರ್‌ಐ ಸಿಗ್ನಲ್ ಬರೋದು ಮುಖ್ಯವಾಗಿ ನೀರಿನಲ್ಲಿರೋ ಪ್ರೋಟಾನ್‌ಗಳಿಂದ. 1965ರಲ್ಲಿ ಸ್ಟೆಯ್ಸ್ಕಲ್ ಮತ್ತು ಟ್ಯಾನರ್ ಅನ್ನೋ ಇಬ್ಬರು ವಿಜ್ಞಾನಿಗಳು ಒಂದು ಉಪಾಯ ತೋರಿಸಿದ್ರು. ಮೊದಲು ಒಂದು ಕ್ಷಣ ಒಂದು ದಿಕ್ಕಿನ ಉದ್ದಕ್ಕೂ ಅಯಸ್ಕಾಂತದ ಬಲ ಜಾಗದಿಂದ ಜಾಗಕ್ಕೆ ಬೇರೆಬೇರೆ ಇರೋ ಹಾಗೆ ಮಾಡಿ ಪ್ರತಿ ಪ್ರೋಟಾನ್‌ಗೂ ಅದು ಆಗ ಇರೋ ಜಾಗಕ್ಕೆ ತಕ್ಕಂತೆ ಒಂದು ಗುರುತು ಹಾಕೋದು. ಸ್ವಲ್ಪ ಹೊತ್ತು ಬಿಟ್ಟು ಅದೇ ಥರದ ಇನ್ನೊಂದು ಪಲ್ಸ್ ಕೊಟ್ಟು ಆ ಗುರುತನ್ನ ಅಳಿಸೋದು. ಪ್ರೋಟಾನ್ ಇದ್ದಲ್ಲೇ ಇದ್ರೆ ಹಾಕಿದ್ದು ಅಳಿಸಿದ್ದು ಸರಿಹೋಗಿ ಸಿಗ್ನಲ್ ಪೂರ್ತಿ ವಾಪಸ್ ಬರತ್ತೆ, ಆ ನಡುವೆ ಆ ದಿಕ್ಕಿನಲ್ಲಿ ಸರಿದುಬಿಟ್ಟಿದ್ರೆ ಲೆಕ್ಕ ತಪ್ಪಿ ಸಿಗ್ನಲ್ ಕಮ್ಮಿ ಆಗತ್ತೆ. ಎಷ್ಟು ಕಮ್ಮಿ ಆಯ್ತು ಅನ್ನೋದೇ ಆ ದಿಕ್ಕಿನ ಅಲೆದಾಟದ ಅಳತೆ. ಇದನ್ನ ಮೆದುಳಿನ ಚಿತ್ರಕ್ಕೆ ತಂದಿದ್ದು ಫ್ರಾನ್ಸಿನ ಡೆನಿ ಲೆ ಬಿಹಾನ್, ಅವರ ಮುಖ್ಯ ಪೇಪರ್ 1986ರಲ್ಲಿ ಬಂತು. ಪಲ್ಸ್ ಎಷ್ಟು ಜೋರು, ಎಷ್ಟು ಹೊತ್ತು ಅನ್ನೋದನ್ನೆಲ್ಲ ಸೇರಿಸಿ ಬಿ-ವ್ಯಾಲ್ಯೂ ಅಂತ ಒಂದು ನಂಬರ್ ಹೇಳ್ತಾರೆ, ಮಾಮೂಲಿ ಸ್ಕ್ಯಾನ್‌ನಲ್ಲಿ ಅದು 1000 ಆಸುಪಾಸು.

ಒಂದು ದಿಕ್ಕಲ್ಲಿ ಅಳೆದ್ರೆ ಸಾಲಲ್ಲ. 1994ರಲ್ಲಿ ಪೀಟರ್ ಬ್ಯಾಸರ್ ಮತ್ತು ಸಂಗಡಿಗರು ಡಿಫ್ಯೂಷನ್ ಟೆನ್ಸರ್ ಇಮೇಜಿಂಗ್, ಅಂದ್ರೆ ಡಿಟಿಐ, ಶುರು ಮಾಡಿದ್ರು. ಕನಿಷ್ಠ 6 ದಿಕ್ಕುಗಳಲ್ಲಿ, ಈಗೆಲ್ಲ 30, 60 ಅಥವಾ ಅದಕ್ಕೂ ಜಾಸ್ತಿ ದಿಕ್ಕುಗಳಲ್ಲಿ ಅಳೆದು ಪ್ರತಿ ವಾಕ್ಸೆಲ್‌ಗೂ ನೀರು ಯಾವ ಕಡೆ ಜಾಸ್ತಿ ಯಾವ ಕಡೆ ಕಮ್ಮಿ ಅಲೆಯತ್ತೆ ಅನ್ನೋದಕ್ಕೆ ಮೊಟ್ಟೆಯಾಕಾರದ ಒಂದು ರೂಪ ಕೊಡೋದು. ಉದ್ದನೆ ಮೊಟ್ಟೆ ಆದ್ರೆ ಎಳೆಗಳು ಒಂದೇ ದಿಕ್ಕಲ್ಲಿ ಒತ್ತಾಗಿವೆ, ಗುಂಡಗಿದ್ರೆ ದಿಕ್ಕಿನ ಭೇದ ಇಲ್ಲ. ಮೊಟ್ಟೆ ಎಷ್ಟು ಉದ್ದ ಅನ್ನೋದನ್ನ 0ಯಿಂದ 1ರ ನಡುವಿನ ಒಂದು ಸಂಖ್ಯೆಯಾಗಿ ಹೇಳ್ತಾರೆ, ಅದೇ ಎಫ್‌ಎ, ಫ್ರಾಕ್ಷನಲ್ ಅನೈಸೊಟ್ರೊಪಿ. ಎಲ್ಲಾ ದಿಕ್ಕಿನ ಸರಾಸರಿ ಅಲೆದಾಟಕ್ಕೆ ಎಂಡಿ ಅಂತ ಹೆಸರು. ಆರೋಗ್ಯವಾಗಿರೋ ವೈಟ್ ಮ್ಯಾಟರ್‌ನಲ್ಲಿ ಎಂಡಿ ಮಿಲಿಸೆಕೆಂಡಿಗೆ ಸುಮಾರು 0.7 ಚದರ ಮೈಕ್ರಾನ್, ಕುಹರದ ದ್ರವದಲ್ಲಿ ಸುಮಾರು 3. ಇನ್ನೆರಡು ಅಳತೆಗಳಿವೆ, ಎಳೆಯ ಉದ್ದಕ್ಕೆ ಅಲೆಯೋದು ಎಡಿ, ಅಡ್ಡಕ್ಕೆ ಅಲೆಯೋದು ಆರ್‌ಡಿ.

ಡಿಟಿಐನ ಬಣ್ಣದ ಚಿತ್ರ ಒಂದ್ಸಲ ಗಮನವಿಟ್ಟು ನೋಡಿ, ಇಂಟರ್ನೆಟ್‌ನಲ್ಲಿ ಬೇಕಾದಷ್ಟು ಸಿಗತ್ತೆ. ಕೆಂಪು ಅಂದ್ರೆ ಎಡ-ಬಲ, ಹಸಿರು ಅಂದ್ರೆ ಹಿಂದೆ-ಮುಂದೆ, ನೀಲಿ ಅಂದ್ರೆ ಮೇಲೆ-ಕೆಳಗೆ. ಮೆದುಳಿನ ಎರಡು ಅರ್ಧಗಳನ್ನ ಸೇರಿಸೋ ಕಾರ್ಪಸ್ ಕಲೋಸಮ್ ನಡುಮಧ್ಯೆ ಕಡುಕೆಂಪಾಗಿ ಹೊಳೀತಿರತ್ತೆ. ಅದರ ಮೇಲೆ ಎರಡೂ ಪಕ್ಕ ತೆಳ್ಳನೆ ಹಸಿರು ಗೆರೆ, ಅದು ಸಿಂಗ್ಯುಲಮ್. ಕೈಕಾಲು ಆಡಿಸೋ ಆಜ್ಞೆ ಹೊತ್ತು ಇಳಿಯೋ ಕಾರ್ಟಿಕೋಸ್ಪೈನಲ್ ಟ್ರ್ಯಾಕ್ಟ್ ಎರಡೂ ಕಡೆ ನೀಲಿ. ಇಷ್ಟು ಅಂದವಾಗಿ ಕಾಣೋ ಚಿತ್ರದ ಹಿಂದೆ ಸ್ಕ್ಯಾನರ್‌ನಲ್ಲಿ ಮಲಗಿರೋರಿಗೆ ಆಗೋ ಅನುಭವ ಮಾತ್ರ ಅಷ್ಟು ಸುಖದ್ದಲ್ಲ, ಈ ಪಲ್ಸ್‌ಗಳು ಬರೋವಾಗ ಕಿವಿಗೆ ಪ್ಲಗ್ ಹಾಕಿದ್ರೂ ಬಡಿಯೋ ಶಬ್ದ, ಮಲಗಿರೋ ಟೇಬಲ್ಲೇ ಗಡಗಡ ಅಲುಗತ್ತೆ, ಅಷ್ಟರಲ್ಲೂ ತಲೆ ಅಲ್ಲಾಡಿಸಬಾರದು. ಕೈ ನಡುಗೋ ರೋಗಿಗೆ, ನೆನಪು ಮಂಕಾದ ವಯಸ್ಸಾದವರಿಗೆ ಇದು ದೊಡ್ಡ ಶ್ರಮ. ತಲೆ ಅಲುಗಿದ್ರೆ ಎಫ್‌ಎ ಸುಳ್ಳು ಬರತ್ತೆ, ರೋಗಿಗಳು ಆರೋಗ್ಯವಂತರಿಗಿಂತ ಜಾಸ್ತಿ ಅಲುಗೋದ್ರಿಂದ ಕಾಯಿಲೆಯಿಂದ ಬಂದ ವ್ಯತ್ಯಾಸ ಯಾವುದು ಅಲುಗಾಟದಿಂದ ಬಂದಿದ್ದು ಯಾವುದು ಅಂತ ಬಿಡಿಸೋದು ಈ ರಿಸರ್ಚಿನ ದಿನನಿತ್ಯದ ತಲೆನೋವು.

ಸರಿ, ಕಾಯಿಲೆಗೆ ಬರೋಣ. ಎಂಎಸ್‌ನ ಮಚ್ಚೆ ಒಳಗೆ ಎಫ್‌ಎ ಕಮ್ಮಿ, ಎಂಡಿ ಜಾಸ್ತಿ ಇರತ್ತೆ, ಇದು ಯಾರೂ ಊಹಿಸಬಹುದಾಗಿದ್ದೇ, ಗೋಡೆ ಬಿದ್ದಲ್ಲಿ ನೀರು ಎಲ್ಲಾ ಕಡೆ ಹೋಗತ್ತೆ. ಆಶ್ಚರ್ಯ ಆಗಿದ್ದು ಮಚ್ಚೆ ಹೊರಗಿನ ಜಾಗದಲ್ಲಿ. 1990ರ ದಶಕದ ಕೊನೆಯಿಂದ ಬಂದ ಸ್ಟಡಿಗಳಲ್ಲಿ, ಮಾಮೂಲಿ ಸ್ಕ್ಯಾನ್‌ನಲ್ಲಿ ಪೂರ್ತಿ ನಾರ್ಮಲ್ ಕಾಣೋ ವೈಟ್ ಮ್ಯಾಟರ್‌ನಲ್ಲೂ ಎಫ್‌ಎ ಆರೋಗ್ಯವಂತರಿಗಿಂತ ಕಮ್ಮಿ ಇರೋದು ಕಂಡುಬಂತು. ಒಬ್ಬರನ್ನೇ ಮತ್ತೆ ಮತ್ತೆ ಸ್ಕ್ಯಾನ್ ಮಾಡ್ತಾ ಹೋದಾಗ, ಮುಂದೆ ಮಚ್ಚೆ ಏಳೋ ಜಾಗದಲ್ಲಿ ಅದು ಕಣ್ಣಿಗೆ ಕಾಣೋದಕ್ಕಿಂತ ಮುಂಚೆನೇ ನೀರಿನ ಅಲೆದಾಟ ಏರ್ತಾ ಇತ್ತು. ತೀರಿಕೊಂಡ ರೋಗಿಗಳ ದಾನ ಮಾಡಿದ ಮೆದುಳನ್ನ ಸ್ಕ್ಯಾನ್ ಮಾಡಿ, ಆಮೇಲೆ ಅದೇ ಜಾಗ ಕತ್ತರಿಸಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಎಫ್‌ಎ ಮತ್ತು ಎಂಡಿ ಎರಡೂ ಮಯಲಿನ್ ಪ್ರಮಾಣದ ಜೊತೆ, ಆಕ್ಸಾನ್ ಸಂಖ್ಯೆ ಜೊತೆ ಹೊಂದಿಕೊಂಡಿದ್ವು. ಆ ಮೆದುಳು ಕೊಟ್ಟ ಕುಟುಂಬಗಳ ದೊಡ್ಡತನದಿಂದಾನೇ ಇವತ್ತು ಸ್ಕ್ಯಾನ್‌ನ ಸಂಖ್ಯೆಗೆ ಒಂದು ಅರ್ಥ ಬಂದಿರೋದು, ಅದನ್ನ ಮರೀಬಾರದು.

ಸ್ಟ್ರೋಕ್‌ನಲ್ಲಿ ಕಥೆ ಉಲ್ಟಾ. ರಕ್ತ ನಿಂತ ಕೂಡಲೇ ಕೋಶಗಳಿಗೆ ಶಕ್ತಿ ಸಿಗದೆ, ಉಪ್ಪು ಹೊರಹಾಕೋ ಪಂಪ್‌ಗಳು ನಿಂತು, ಹೊರಗಿನ ನೀರು ಒಳಗೆ ನುಗ್ಗಿ ಕೋಶಗಳು ಊದಿಕೊಳ್ತವೆ, ಅವುಗಳ ನಡುವಿನ ಜಾಗ ಕಿರಿದಾಗಿ ನೀರಿನ ಅಲೆದಾಟ ಕಮ್ಮಿ ಆಗತ್ತೆ, ಏರಲ್ಲ. 1990ರಲ್ಲಿ ಮೈಕಲ್ ಮೋಸ್ಲಿ ಮತ್ತು ಸಂಗಡಿಗರು ಬೆಕ್ಕುಗಳಲ್ಲಿ ಇದನ್ನ ತೋರಿಸಿದ್ರು, ಮಾಮೂಲಿ ಎಂಆರ್‌ಐನಲ್ಲಿ ಏನೂ ಕಾಣದ ಹೊತ್ತಲ್ಲೇ ಡಿಫ್ಯೂಷನ್ ಚಿತ್ರದಲ್ಲಿ ಆ ಜಾಗ ಎದ್ದು ಕಾಣ್ತಿತ್ತು. ಇವತ್ತು ನಮ್ಮ ಊರುಗಳ ದೊಡ್ಡ ಆಸ್ಪತ್ರೆಗಳಲ್ಲೂ ಲಕ್ವ ಹೊಡೆದವರಿಗೆ ಎಂಆರ್‌ಐ ಮಾಡಿದ್ರೆ ಡಿಫ್ಯೂಷನ್ ಚಿತ್ರ ಅದರಲ್ಲಿ ಇದ್ದೇ ಇರತ್ತೆ. ಇಲ್ಲೂ ಒಂದು ಎಚ್ಚರ ಇದೆ, ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೆ ಕಂಡಿದ್ದೆಲ್ಲ ಹೊಸ ಸ್ಟ್ರೋಕ್ ಅಲ್ಲ, ಹಳೆ ಗಾಯದ ಹೊಳಪೂ ಹಾಯ್ದು ಕಾಣಬಹುದು, ಅದಕ್ಕೇ ರೇಡಿಯಾಲಜಿಸ್ಟ್‌ಗಳು ನೀರಿನ ಅಲೆದಾಟದ ಪ್ರಮಾಣವನ್ನಷ್ಟೇ ತೋರಿಸೋ ಎಡಿಸಿ ಮ್ಯಾಪ್ ಅಂತ ಜೊತೆ ಚಿತ್ರ ಇಟ್ಕೊಂಡು, ಅಲ್ಲಿ ಅದೇ ಜಾಗ ಕಪ್ಪಗಿದ್ಯಾ ಅಂತ ನೋಡಿಯೇ ಹೇಳೋದು. ವಾರ ಹತ್ತು ದಿನ ಕಳೆದ್ರೆ ಆ ಕಪ್ಪು ಹೋಗಿ ತಾತ್ಕಾಲಿಕವಾಗಿ ನಾರ್ಮಲ್ ಥರ ಕಾಣತ್ತೆ, ಆಮೇಲೆ ಕೋಶಗಳು ಕರಗಿ ಅಲೆದಾಟ ಜಾಸ್ತಿ ಆಗತ್ತೆ. ಗಾಯ ಮೇಲೆ ಆಗಿದ್ರೂ ಅಲ್ಲಿಂದ ಕೆಳಗಿಳಿಯೋ ಎಳೆಗಳು ವಾರ ತಿಂಗಳುಗಳಲ್ಲಿ ಒಣಗ್ತಾ ಬರ್ತವೆ, ಮೆದುಳುಕಾಂಡದವರೆಗೂ ಆ ಕಡೆಯ ಎಫ್‌ಎ ಇಳಿಯೋದನ್ನ ಡಿಟಿಐ ತೋರಿಸತ್ತೆ.

ಇಲ್ಲಿಗೆ ಬಂದಾಗ ಎಲ್ಲರಿಗೂ ಅನ್ಸೋದು, ಹಾಗಾದ್ರೆ ಎಫ್‌ಎ ಇಳಿದ್ರೆ ವೈಟ್ ಮ್ಯಾಟರ್ ಹಾಳಾಗಿದೆ, ಏರಿದ್ರೆ ಚೆನ್ನಾಗಿದೆ, ಅಷ್ಟೇ ತಾನೇ? ಇಲ್ಲ. ಈ ಲೇಖನ ಬರೆಯಕ್ಕೆ ಕಾರಣವೇ ಇದು, ಯಾಕಂದ್ರೆ ರಿಸರ್ಚ್ ಪೇಪರ್‌ಗಳಲ್ಲೂ ಕೆಲವು ರಿಪೋರ್ಟ್‌ಗಳಲ್ಲೂ "ವೈಟ್ ಮ್ಯಾಟರ್ ಇಂಟೆಗ್ರಿಟಿ ಕುಸಿದಿದೆ", ಅಂದ್ರೆ ಅದರ ಗಟ್ಟಿತನ ಹೋಗಿದೆ ಅನ್ನೋ ಮಾತು ತುಂಬಾ ಸಲೀಸಾಗಿ ಬಂದುಬಿಡತ್ತೆ. ಮೆಷಿನ್ ಅಳೆದಿದ್ದು ನೀರಿನ ಅಲೆದಾಟ. ಮಯಲಿನ್ ಹೋಗಿದೆ, ಆಕ್ಸಾನ್ ಸತ್ತಿದೆ ಅನ್ನೋದು ಅಲ್ಲಿಂದ ನಾವು ಮಾಡೋ ಊಹೆ.

ಮಯಲಿನ್ ವಿಷಯವನ್ನೇ ತಗೊಳಿ. 2002ರಲ್ಲಿ ಸಾಂಗ್ ಮತ್ತು ಸಂಗಡಿಗರು ಹುಟ್ಟಿನಿಂದಲೇ ಮಯಲಿನ್ ಸರಿಯಾಗಿ ಬೆಳೆಯದ ಶಿವರರ್ ಅನ್ನೋ ಜಾತಿಯ ಇಲಿಗಳಲ್ಲಿ ಅಳೆದ್ರು, ಅಡ್ಡ ಅಲೆದಾಟ ಅಂದ್ರೆ ಆರ್‌ಡಿ ಜಾಸ್ತಿ, ಉದ್ದದ ಅಲೆದಾಟ ಹೆಚ್ಚುಕಮ್ಮಿ ಹಾಗೇ. ಅಲ್ಲಿಂದ ಆರ್‌ಡಿ ಅಂದ್ರೆ ಮಯಲಿನ್, ಎಡಿ ಅಂದ್ರೆ ಆಕ್ಸಾನ್ ಅನ್ನೋ ಸುಲಭ ಸೂತ್ರ ಹಬ್ಬಿಬಿಡ್ತು. ಆದ್ರೆ ಅದಕ್ಕೂ ಮುಂಚೆನೇ, 1994ರಲ್ಲಿ, ಕ್ರಿಶ್ಚಿಯನ್ ಬೋಲ್ಯೂ ಮತ್ತು ಪೀಟರ್ ಆಲನ್ ಗಾರ್ ಅನ್ನೋ ಮೀನಿನ ನರಗಳನ್ನ ಪರೀಕ್ಷೆ ಮಾಡಿದ್ರು. ಆ ಮೀನಿನ ವಾಸನೆಯ ನರದಲ್ಲಿ ಮಯಲಿನ್ನೇ ಇಲ್ಲ, ಆದ್ರೂ ಅಲ್ಲಿ ಅನೈಸೊಟ್ರೊಪಿ ಮಯಲಿನ್ ಇರೋ ನರಗಳಷ್ಟೇ ಜೋರಾಗಿತ್ತು. ಅಂದ್ರೆ ದಿಕ್ಕಿನ ಭೇದ ಹುಟ್ಟೋದು ಮುಖ್ಯವಾಗಿ ಆಕ್ಸಾನ್‌ಗಳ ಪೊರೆ ಒತ್ತಾಗಿ ಜೋಡಿಸ್ಕೊಂಡಿರೋದ್ರಿಂದ, ಮಯಲಿನ್ ಅದನ್ನ ಹೆಚ್ಚುಕಮ್ಮಿ ಮಾಡತ್ತೆ. ಎಫ್‌ಎ ಇಳಿದಿದ್ದು ಮಯಲಿನ್ ಹೋಗಿದ್ದಕ್ಕಾ, ಆಕ್ಸಾನ್ ಕಮ್ಮಿ ಆಗಿದ್ದಕ್ಕಾ, ಊತ ಬಂದು ನಡುವೆ ನೀರು ತುಂಬಿದ್ದಕ್ಕಾ, ಅಥವಾ ಬರೀ ಆ ವಾಕ್ಸೆಲ್‌ನಲ್ಲಿ ಪಕ್ಕದ ಕುಹರದ ದ್ರವ ಸ್ವಲ್ಪ ಬೆರೆತಿದ್ದಕ್ಕಾ, ಎಫ್‌ಎ ಒಂದನ್ನೇ ನೋಡಿದ್ರೆ ಗೊತ್ತಾಗಲ್ಲ.

ಇನ್ನೂ ದೊಡ್ಡ ತೊಡಕು ಎಳೆಗಳು ಒಂದನ್ನೊಂದು ಹಾಯ್ದು ಹೋಗೋ ಜಾಗಗಳು. ವೈಟ್ ಮ್ಯಾಟರ್‌ನ ಬಹುಪಾಲು ವಾಕ್ಸೆಲ್‌ಗಳಲ್ಲಿ, 60ರಿಂದ 90 ಪರ್ಸೆಂಟ್ ಅಂತ ಅಂದಾಜು, ಎರಡೋ ಮೂರೋ ದಿಕ್ಕಿನ ಎಳೆಗಳು ಸೇರ್ಕೊಂಡಿರ್ತವೆ. ಅಲ್ಲಿ ಎಲ್ಲಾ ಎಳೆಗಳೂ ಗಟ್ಟಿಮುಟ್ಟಾಗಿದ್ರೂ ಮೊಟ್ಟೆ ಗುಂಡಗಾಗಿ ಎಫ್‌ಎ ಕಮ್ಮಿನೇ ಬರತ್ತೆ. ಇದರ ಇನ್ನೊಂದು ಮುಖ 2011ರಲ್ಲಿ ಗ್ವೆನೆಲ್ ದುಓ ಮತ್ತು ಸಂಗಡಿಗರ ಪೇಪರ್‌ನಲ್ಲಿ ಬಂತು. ನೆನಪು ಮಂಕಾಗ್ತಿರೋರಲ್ಲಿ, ಅಲ್ಜೈಮರ್ಸ್‌ನ ಶುರುವಿನ ಹಂತದವರಲ್ಲಿ, ಮೆದುಳಿನ ಒಂದು ಜಾಗದಲ್ಲಿ ಎಫ್‌ಎ ಏರಿತ್ತು! ಕಾಯಿಲೆ ಬಂದವರಲ್ಲಿ ವೈಟ್ ಮ್ಯಾಟರ್ ಉತ್ತಮ ಆಗತ್ತಾ? ಆಗಲ್ಲ. ಆ ಜಾಗದಲ್ಲಿ ಕೈಕಾಲಿಗೆ ಇಳಿಯೋ ಎಳೆಗಳನ್ನ, ಮುಂದಿಂದ ಹಿಂದಕ್ಕೆ ಹೋಗೋ ಸುಪೀರಿಯರ್ ಲಾಂಜಿಟ್ಯೂಡಿನಲ್ ಫ್ಯಾಸಿಕ್ಯುಲಸ್ ಅನ್ನೋ ಕಟ್ಟು ಹಾಯ್ದುಹೋಗತ್ತೆ, ಅಲ್ಜೈಮರ್ಸ್‌ನಲ್ಲಿ ಮೊದಲು ಸೊರಗೋದು ಈ ಎರಡನೇದು, ಇಳಿಯೋ ಎಳೆಗಳು ಇನ್ನೂ ಚೆನ್ನಾಗಿರ್ತವೆ. ಅಡ್ಡ ಹಾಯೋ ಎಳೆ ಕಮ್ಮಿ ಆದಷ್ಟೂ ಉಳಿದವು ಒಂದೇ ದಿಕ್ಕಲ್ಲಿ ಇದ್ದಂತೆ ಕಾಣ್ತವೆ, ಸಂಖ್ಯೆ ಏರತ್ತೆ. ಏರಿದ ಎಫ್‌ಎನೇ ಹಾನಿಯ ಗುರುತು. ಎಫ್‌ಎ ಅಂದ್ರೆ ಆರೋಗ್ಯ ಅಂತ ಓದೋರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಗೊತ್ತಿಲ್ಲ.

ಇದಕ್ಕೆ ಪರಿಹಾರ ಹುಡುಕ್ತಾ ಹೊಸ ಮಾದರಿಗಳು ಬಂದ್ವು. ಒಂದೇ ಬಿ-ವ್ಯಾಲ್ಯೂ ಬದಲು 1000, 2000, 3000 ಹೀಗೆ ಹಲವು ಮಟ್ಟದಲ್ಲಿ, ಪ್ರತಿಯೊಂದರಲ್ಲೂ ಹತ್ತಾರು ದಿಕ್ಕುಗಳಲ್ಲಿ ಅಳೆದು, ಎಳೆ ಒಳಗಿನ ನೀರು ಎಷ್ಟು, ಹೊರಗಿನದು ಎಷ್ಟು, ಸ್ವತಂತ್ರವಾಗಿ ಅಲೆಯೋದು ಎಷ್ಟು ಅಂತ ಬೇರ್ಪಡಿಸೋ ಪ್ರಯತ್ನ. 2012ರ ನೋಡಿ (NODDI) ಅನ್ನೋ ಮಾದರಿ ಇಂಥದ್ದು, ಅದು ಎಳೆಗಳ ಸಾಂದ್ರತೆಯನ್ನೂ ಅವು ಎಷ್ಟು ಚದುರಿವೆ ಅನ್ನೋದನ್ನೂ ಬೇರೆಬೇರೆ ಹೇಳತ್ತೆ. ಇದೂ ಕೆಲವನ್ನ ಮೊದಲೇ ನಂಬಿಕೊಂಡು ಹೊರಡೋ ಲೆಕ್ಕನೇ, ಆ ನಂಬಿಕೆ ಊತ ಬಂದ ಜಾಗದಲ್ಲಿ ಸರಿಹೊಂದದೇ ಹೋಗಬಹುದು.

ಬಣ್ಣಬಣ್ಣದ ಎಳೆಗಳ ಚಿತ್ರ ಬರತ್ತಲ್ಲ, ಅದು ಟ್ರ್ಯಾಕ್ಟೋಗ್ರಫಿ. ಒಂದು ವಾಕ್ಸೆಲ್‌ನ ದಿಕ್ಕು ಹಿಡಿದು ಪಕ್ಕದ್ದಕ್ಕೆ, ಅಲ್ಲಿಂದ ಮುಂದಕ್ಕೆ ಹೀಗೆ ಕಂಪ್ಯೂಟರ್ ಗೆರೆ ಎಳ್ಕೊಂಡು ಹೋಗೋದು. ಮೆದುಳಿನ ಗೆಡ್ಡೆ ತೆಗೆಯೋ ಸರ್ಜನ್‌ಗಳಿಗೆ ಇದು ನಿಜವಾಗಲೂ ಉಪಯೋಗ, ಮಾತಿನ ಎಳೆ, ಕೈಕಾಲಿನ ಎಳೆ ಗೆಡ್ಡೆಯ ಯಾವ ಪಕ್ಕ ಸರಿದಿದೆ ಅಂತ ಮೊದಲೇ ಅಂದಾಜು ಸಿಗತ್ತೆ, ಆದ್ರೆ ತಲೆಬುರುಡೆ ತೆರೆದ ಮೇಲೆ ಮೆದುಳು ಸ್ವಲ್ಪ ಜರುಗತ್ತೆ, ಅದಕ್ಕೇ ಎಚ್ಚರವಾಗಿರೋ ರೋಗಿಯಲ್ಲಿ ಕರೆಂಟಿನ ಸಣ್ಣ ಸ್ಪರ್ಶ ಕೊಟ್ಟು ಪರೀಕ್ಷಿಸೋದನ್ನ ಬಿಡಲ್ಲ. 2017ರಲ್ಲಿ ಹಲವು ದೇಶಗಳ ತಂಡಗಳಿಗೆ ಉತ್ತರ ಮೊದಲೇ ಗೊತ್ತಿರೋ ಕೃತಕ ಮೆದುಳಿನ ಡೇಟಾ ಕೊಟ್ಟು ನಡೆಸಿದ ಪರೀಕ್ಷೆಯ ಫಲಿತಾಂಶ ಬಂತು, ನಿಜವಾದ ಕಟ್ಟುಗಳಲ್ಲಿ ಹೆಚ್ಚಿನವು ಸಿಕ್ಕವು, ಜೊತೆಗೆ ಇಲ್ಲದೇ ಇರೋ ಕಟ್ಟುಗಳೂ ನಿಜವಾದವಕ್ಕಿಂತ ಜಾಸ್ತಿ ಸಿಕ್ಕವು. ಈ ಸುಳ್ಳು ಎಳೆಗಳನ್ನ ಜರಡಿ ಹಿಡಿಯೋ ಕೆಲಸದಲ್ಲಿ ಬೆಂಗಳೂರಿನ ಐಐಎಸ್‌ಸಿಯ ದೇವರಾಜನ್ ಶ್ರೀಧರನ್ ಅವರ ತಂಡದ ಕೊಡುಗೆ ಇದೆ, 2022ರಲ್ಲಿ ಅವರು ಪ್ರಕಟಿಸಿದ ರಿಯಲ್-ಲೈಫ್ ಅನ್ನೋ ಅಲ್ಗಾರಿದಮ್, ಒಟ್ಟಿಗೆ ಸಾವಿರಾರು ಲೆಕ್ಕ ಮಾಡೋ ಜಿಪಿಯು ಅನ್ನೋ ಚಿಪ್ ಬಳಸಿ, ಎಳೆದ ಲಕ್ಷಾಂತರ ಗೆರೆಗಳಲ್ಲಿ ಅಳೆದ ಸಿಗ್ನಲ್‌ಗೆ ನಿಜಕ್ಕೂ ಬೇಕಾದವು ಯಾವುವು ಅಂತ ಮುಂಚಿನ ವಿಧಾನಕ್ಕಿಂತ 150 ಪಟ್ಟಿಗೂ ಹೆಚ್ಚು ವೇಗವಾಗಿ ಆರಿಸತ್ತೆ.

ಮನೆಯಲ್ಲಿ ಯಾರದ್ದಾದ್ರೂ ರಿಪೋರ್ಟ್‌ನಲ್ಲಿ ಡಿಟಿಐ ಅಂತ ಇದ್ದು ಎಫ್‌ಎ ಕಮ್ಮಿ ಅಂತ ಬರೆದಿದ್ರೆ ಹೆದರೋದಕ್ಕೆ ಮುಂಚೆ ಇದು ಗೊತ್ತಿರಲಿ. ನಾನು ಮೇಲೆ ಹೇಳಿದ ಸ್ಟಡಿಗಳೆಲ್ಲ ಒಂದು ಗುಂಪಿನ ಸರಾಸರಿಯನ್ನ ಇನ್ನೊಂದು ಗುಂಪಿನ ಜೊತೆ ಹೋಲಿಸಿದ್ದು ಅಥವಾ ಒಬ್ಬರನ್ನೇ ಕಾಲಕಾಲಕ್ಕೆ ನೋಡಿದ್ದು. ಒಬ್ಬ ವ್ಯಕ್ತಿಯ ಒಂದೇ ಒಂದು ಎಫ್‌ಎ ಸಂಖ್ಯೆ ಹಿಡ್ಕೊಂಡು ಕಾಯಿಲೆ ಇದೆ ಇಲ್ಲ ಅನ್ನೋದು ಬೇರೆ ಮಾತು, ವಯಸ್ಸಿಗೆ ತಕ್ಕಂತೆ ಅದು ಬದಲಾಗತ್ತೆ, ಬೇರೆ ಕಂಪನಿಯ ಮೆಷಿನ್‌ನಲ್ಲಿ ಬೇರೆ ಬರತ್ತೆ, ಅದೇ ಮೆಷಿನ್ನಿಗೆ ಸಾಫ್ಟ್‌ವೇರ್ ಬದಲಾಯಿಸಿದ್ರೂ ವ್ಯತ್ಯಾಸ ಆಗಬಹುದು. ತಲೆಗೆ ಪೆಟ್ಟು ಬಿದ್ದ ಕೇಸುಗಳಲ್ಲಿ, ಸಿಟಿ ಸ್ಕ್ಯಾನ್ ನಾರ್ಮಲ್ ಇದ್ರೂ ಆಕ್ಸಾನ್ ಜಗ್ಗಿ ಹರಿದಿರೋ ಸಾಧ್ಯತೆ ಇರೋದ್ರಿಂದ ಡಿಟಿಐ ಬೇಕು ಅನ್ನಿಸೋದು ಸಹಜ, ಆದ್ರೆ ಒಬ್ಬರ ಮಟ್ಟದಲ್ಲಿ ಖಚಿತವಾಗಿ ಹೇಳೋ ಹಂತಕ್ಕೆ ಅದು ಇನ್ನೂ ಬಂದಿಲ್ಲ. ರಿಪೋರ್ಟ್ ಕೊಟ್ಟವರನ್ನ ಕೇಳಬೇಕಾಗಿದ್ದು, ಯಾರ ಜೊತೆ ಹೋಲಿಸಿ ಕಮ್ಮಿ ಅಂದ್ರಿ, ಅವರ ವಯಸ್ಸೆಷ್ಟು, ಅದೇ ಮೆಷಿನ್ನಾ, ಸ್ಕ್ಯಾನ್ ಹೊತ್ತಲ್ಲಿ ತಲೆ ಎಷ್ಟು ಅಲುಗಿತ್ತು.

ಹೋಲಿಸಕ್ಕೆ ನಮ್ಮ ಜನರದ್ದೇ ಅಳತೆ ಬೇಕು ಅನ್ನೋದು ಇಲ್ಲೇ ಬರೋದು. ಈ ಕ್ಷೇತ್ರದ ದೊಡ್ಡ ಡೇಟಾ ಬಹಳಷ್ಟು ಬಂದಿರೋದು ಅಮೆರಿಕ, ಯುರೋಪಿನಿಂದ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನ ವರ್ಷಗಟ್ಟಲೆ ಹಿಂಬಾಲಿಸ್ತಿರೋ ಸ್ಯಾನ್ಸ್‌ಕಾಗ್ ಸ್ಟಡಿ ಅದಕ್ಕೇ ನನಗೆ ಮುಖ್ಯ ಅನ್ಸೋದು, ಬೆಂಗಳೂರಿನ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಇದನ್ನ ನಡೆಸ್ತಿದೆ, ನೆನಪಿನ ಪರೀಕ್ಷೆ, ರಕ್ತ ಪರೀಕ್ಷೆ ಜೊತೆಗೆ ಮೆದುಳಿನ ಎಂಆರ್‌ಐ ಕೂಡ ಅದರಲ್ಲಿದೆ, 10,000 ಜನರನ್ನ ಸೇರಿಸ್ಕೊಳೋ ಗುರಿ ಇಟ್ಕೊಂಡಿದ್ದಾರೆ.